ನೆಲದ ಮೇಲೆ ಕುಳಿತವರೆಲ್ಲ ಬಿದ್ದವರು

ನನ್ನ ಹಳೆಯ ಡೈರಿಯ ಜೂನ್ ಒಂಬತ್ತರ ಪುಟದಲ್ಲಿ ಹೀಗಿದೆ: "ರೋಬೋಟ್ ಬಂತು. ಬೇಡ ಅಂದೆ. ಯಾರೂ ಕೇಳಲಿಲ್ಲ." ಆಮೇಲೆ ನಡೆದದ್ದಕ್ಕೆಲ್ಲ ಊರು ನಕ್ಕಿತು. ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಕಳಿಸಿದವಳು ಚಿತ್ರದುರ್ಗದಲ್ಲಿ ಡಾಕ್ಟರಾಗಿರುವ ಮಗಳು. ಹೊಸದುರ್ಗದಲ್ಲಿ ನಾನು ಒಬ್ಬಳೇ ಇರಬೇಕಾದರೆ ಈ ಸೊಂಟದೆತ್ತರದ ಯಂತ್ರ ನನ್ನ ಹಿಂದೆ ಸುತ್ತಬೇಕಂತೆ. ನಾನು ಬಿದ್ದರೆ ಅವಳಿಗೆ ಫೋನ್ ಹೋಗುತ್ತದೆ. ಮೂರು ಸಲ ಬಿದ್ದರೆ ಮನೆಗೆ ಬೀಗ ಹಾಕಿ ಅವಳ ಜೊತೆ ಹೋಗಬೇಕು. ಆ ಕಾಲಕ್ಕೇ ಬಿ.ಎಸ್ಸಿ. ಮಾಡಿದವಳಿಗೆ ಈ ಷರತ್ತು!

ತುರಿಮಣೆ

ಮಾರನೆಯ ದಿನ ತುರಿಮಣೆ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದೆ. ಯಂತ್ರ ಹತ್ತಿರ ಬಂದು, "ತಾವು ಬಿದ್ದಿದ್ದೀರಿ. ದಯವಿಟ್ಟು ಅಲುಗಾಡಬೇಡಿ" ಅಂದಿತು. ಮಗಳು ಫೋನ್ ಮಾಡಿ, ಒಂದಾಯಿತು ಅಂದಳು. ಕುಳಿತಿದ್ದೆ ಕಣೇ ಅಂದೆ.

"ಬಿದ್ದವರೆಲ್ಲ ಹಾಗೇ ಅನ್ನೋದು, ಅಮ್ಮ."

ಕಾಯಿ ತುರಿಯುವವರೆಲ್ಲ ಬಿದ್ದವರಾದರೆ ನಮ್ಮ ತಾಲ್ಲೂಕಿಗೆ ತಾಲ್ಲೂಕೇ ಆಸ್ಪತ್ರೆ ಸೇರಬೇಕು.

ಹಪ್ಪಳ

ಪಕ್ಕದ ಮನೆಯಾಕೆ ಹಪ್ಪಳ ಲಟ್ಟಿಸಲು ಬಂದಳು. ಇಬ್ಬರೂ ಜಮಖಾನ ಹಾಸಿಕೊಂಡು ಕುಳಿತೆವು. ಇಬ್ಬರು ಬಿದ್ದಿದ್ದಾರೆಂದು ಯಂತ್ರ ಮಗಳಿಗೆ ಫೋನ್ ಹಚ್ಚಿತು. ಅವಳು ಎತ್ತಲಿಲ್ಲ. ನೇರ ಆಂಬುಲೆನ್ಸಿಗೇ ಹೇಳಿತು. ನಾವು ಹಿಟ್ಟಿನ ಕೈ ಒರೆಸಿ, ಮಂಡಿ ಹಿಡಿದು ಏಳುವಷ್ಟರಲ್ಲಿ ಆಂಬುಲೆನ್ಸಿನವರಿಬ್ಬರು ಚಿಲಕ ಮುರಿದು ಒಳಗೆ ಬಂದಿದ್ದರು.

ಪಕ್ಕದಾಕೆ ಲಟ್ಟಣಿಗೆ ತೋರಿಸಿದಳು. "ಏನ್ರಪ್ಪ, ಬಾಗಿಲು ಮುರಿದದ್ದಾತಲ್ಲ. ಕುಂತ್ಕಳ್ರಿ, ಹಿಟ್ಟು ಇನ್ನೂ ಐತೆ."

ಅವರು ಕುಳಿತರು. ಬಿದ್ದವರು ನಾಲ್ಕು ಜನ ಎಂದಿತು ಯಂತ್ರ.

ಊಟ

ಭಾನುವಾರ ಮಗಳೇ ಬಂದಳು. ಎರಡಾಯಿತು, ಮೂರನೆಯದಕ್ಕೆ ಕಾಯೋದು ಬೇಡ, ಬಟ್ಟೆ ಜೋಡಿಸು ಅಂದಳು. ಅವಳಿಗೆ ನೆಲದ ಮೇಲೆ ಮಣೆ ಹಾಕಿ, ಎಲೆ ಹಾಸಿ, ಮುದ್ದೆ ಬಡಿಸಿ, ನಾನು ಮಾತ್ರ ಕುರ್ಚಿಯಲ್ಲಿ ಕುಳಿತೆ.

ಯಂತ್ರ ನನ್ನನ್ನು ಬಿಟ್ಟು ಅವಳ ಎದುರಿಗೆ ಹೋಗಿ ನಿಂತಿತು. "ತಾವು ಬಿದ್ದಿದ್ದೀರಿ. ದಯವಿಟ್ಟು ಅಲುಗಾಡಬೇಡಿ."

"ಕುಂತಿದ್ದೀನಿ!" ಅಂತ ಡಾಕ್ಟರಮ್ಮ ಕೂಗಿದಳು.

"ಬಿದ್ದವರೆಲ್ಲ ಹಾಗೇ ಅನ್ನೋದು" ಅಂದೆ.

ಅವಳ ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಎಂಜಲು ಕೈಯಲ್ಲಿ ಎತ್ತುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಆ ಇಬ್ಬರೇ ಬಂದರು. ಈ ಸಲ ಚಪ್ಪಲಿ ಹೊರಗೇ ಬಿಟ್ಟು, ಕೈಕಾಲು ತೊಳೆದುಕೊಂಡು ಕೇಳಿದರು: "ಇವತ್ತೇನು ಲಟ್ಟಿಸಾಣ, ಅಮ್ಮ?"

ಸಂಜೆ ಮಗಳು ಯಂತ್ರವನ್ನೇ ಕಾರಿಗೆ ಹಾಕಿಕೊಂಡು ಹೋದಳು. ಅದರಿಂದ ಕೊನೆಗೆ ನನಗಾದ ಖರ್ಚು: ಒಂದು ಚಿಲಕ, ಅದನ್ನು ಕೂರಿಸಿದ ಬಡಗಿಯ ಕೂಲಿ, ನಾಲ್ಕು ಜನರ ಊಟ. ಬೀಗದ ಕೈ ನನ್ನ ಸೊಂಟದಲ್ಲೇ ಇದೆ.