ಕೌದಿಗೆ ಹೊಟ್ಟೆ ತುಂಬಿಸಿದ್ದು

ಮಗು ಹುಟ್ಟಿದ ಮನೆಯಲ್ಲಿ ತಂದೆಯಾದವನಿಗೆ ಏನೂ ಕೆಲಸವಿರುವುದಿಲ್ಲ ಎನ್ನುವವರು ನಮ್ಮ ಕಡೆ ಬಂದು ಒಂದೆರಡು ಭಾನುವಾರ ಇದ್ದು ನೋಡಬೇಕು. ಹೆರುವವಳು ಹೆರುತ್ತಾಳೆ, ಎರೆಯುವವರು ಎರೆಯುತ್ತಾರೆ, ಲೋಬಾನ ಹಾಕುವವರು ಹಾಕುತ್ತಾರೆ. ಇವರೆಲ್ಲರ ನಡುವೆ ಕೈಚೀಲ ಹಿಡಿದು ಬಸ್ಸು ಹತ್ತಿ ಇಳಿಯುವ ಒಂದು ಪ್ರಾಣಿ ಇರುತ್ತದೆ. ಅದೇ ತಂದೆ. ಚೀಲ ಹೊರಗೆ ಇಟ್ಟಮೇಲೆ ಒಳಗಿನಿಂದ ಒಂದು ದನಿ, "ಕೈಕಾಲ ತೊಳಕೊಂಡು ಬರ್ರಿ" ಎನ್ನುತ್ತದೆ. ತೊಳೆದುಕೊಂಡು ಹೋದರೆ, "ಕೂಸು ಮಲಗೇತಿ, ಆಮ್ಯಾಲ ನೋಡೀರಂತ" ಎನ್ನುತ್ತದೆ. ಹೀಗೆ ನಾನು ನನ್ನ ಮಗಳನ್ನು ಮೊದಲ ಎರಡು ತಿಂಗಳು ನೋಡಿದ್ದಕ್ಕಿಂತ ಅವಳ ಒದ್ದೆ ದುಪ್ಪಟಿ ಒಣಗಿದ್ದನ್ನು ನೋಡಿದ್ದೇ ಹೆಚ್ಚು.

ನನ್ನ ಹೆಂಡತಿ ಸುನಂದಾ ಬಾಣಂತನಕ್ಕೆ ತವರುಮನೆ ತಿಕೋಟಾದಲ್ಲಿದ್ದಳು. ನನ್ನ ಅವ್ವ ಬಬಲೇಶ್ವರ ತಾಲೂಕಿನ ನಿಡೋಣಿಯಲ್ಲಿ. ಇಬ್ಬರ ನಡುವೆ, ವಿಜಯಪುರದ ಬಾಡಿಗೆ ಮನೆಯಲ್ಲಿ, ಖಾನಾವಳಿಯ ಊಟ ಉಂಡುಕೊಂಡು ನಾನು. ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳ ಬೆನ್ನು ಹೊಲಿದು, ಅಂಟು ಹಚ್ಚಿ, ನಂಬರಿನ ಚೀಟಿ ಅಂಟಿಸುವುದು ನನ್ನ ಉದ್ಯೋಗ. ಇದನ್ನು ಹೇಳಿದ್ದು ಜಂಬಕ್ಕಲ್ಲ. ಸೂಜಿ ದಾರ ನನ್ನ ಕೈಗೆ ಹೊಸದಲ್ಲ ಎಂಬ ಸೊಕ್ಕು ನನಗಿತ್ತು ಎಂಬುದು ಮುಂದೆ ಬೇಕಾಗುತ್ತದೆ.

ಆ ಸೊಕ್ಕಿನಿಂದಲೇ ಮಗಳ ತೊಟ್ಟಿಲಿಗೆ ತೂಗುಹಾಕಲು ಮೊಬೈಲಿನಲ್ಲಿ ವಿಡಿಯೋ ನೋಡಿ, ಹಳೇ ಪುಸ್ತಕದ ರಟ್ಟು ಕತ್ತರಿಸಿ, ಐದು ಗಿಳಿ ಮಾಡಿದ್ದೆ. ಹಸಿರು ಬಣ್ಣ ಸಿಗಲಿಲ್ಲವೆಂದು ರಿಜಿಸ್ಟರಿಗೆ ಹಚ್ಚುವ ಕಪ್ಪು ಬಟ್ಟೆಯನ್ನೇ ಹಚ್ಚಿದೆ. ತಿಕೋಟಾಕ್ಕೆ ಒಯ್ದು ಕಟ್ಟಿದಾಗ ಮಗು ಒಮ್ಮೆ ಕಣ್ಣು ಬಿಟ್ಟು ನೋಡಿ ಚಿಟಾರನೆ ಚೀರಿತು. "ತೊಟ್ಟಲಕ್ಕ ಬಾವಲಿ ಯಾಕ ಕಟ್ಟ್ಯಾರ ಅಳಿಯಂದ್ರು?" ಎಂದು ಅತ್ತೆ ಸುನಂದಾಳನ್ನು ಕೇಳಿದರು. ಅಳಿಯನಾದ ನಾನು ಅಲ್ಲೇ ನಿಂತಿದ್ದೆ. ನಮ್ಮ ಕಡೆ ಅತ್ತೆಯಂದಿರು ಅಳಿಯನನ್ನು ನೇರವಾಗಿ ಬೈಯುವುದಿಲ್ಲ, ಗೌರವ ಕೊಡುತ್ತಾರೆ. ಗೋಡೆಗೆ ಬೈಯುತ್ತಾರೆ, ಅದು ತಿರುಗಿ ಬಂದು ನಮಗೇ ಬಡಿಯುತ್ತದೆ.

ಈಗ ಬೀಗಿತಿಯರ ವಿಷಯ. ಅತ್ತೆಗೂ ಅವ್ವನಿಗೂ ಜಗಳವೇನಿಲ್ಲ. ಸುನಂದಾಳ ಸೀಮಂತಕ್ಕೆ, ಅಂದರೆ ಕುಬುಸದ ದಿನ, ಅವ್ವ ಹೋಳಿಗೆ ಮುರಿದು ನೋಡಿ "ಹೂರಣ ಹುಡುಕಬೇಕಾತು" ಎಂದಳು, ಅತ್ತೆ ಕೇಳಿಸಿಕೊಂಡರು, ಅಷ್ಟೇ. ಅಂದಿನಿಂದ ಇಬ್ಬರೂ ಮಾತಾಡುವುದೆಲ್ಲ ನನ್ನ ಮೂಲಕ. ಅವ್ವ ಹಳೇ ಬಟ್ಟೆ ಜೋಡಿಸಿ ಮೊಮ್ಮಗಳಿಗೆ ಕೌದಿ ಹೊಲಿಯುತ್ತಿದ್ದಾಳೆ ಎಂದು ತಿಳಿದಾಗ ಅತ್ತೆ, "ನಿಡೋಣಿಯವರ ಕೌದಿ ಅಂದ್ರ ಹೋರಿ ಮ್ಯಾಗ ಹಾಕೂ ಝೂಲ ಇದ್ದಂಗ. ಕೂಸಿಗೆ ಹೊಚ್ಚಿದ್ರ ಉಸರ ಕಟ್ಟತೈತಿ" ಎಂದರು. ನಾನು ನಿಡೋಣಿಗೆ ಹೋಗಿ, "ಅವ್ವಾ, ನಿನ್ನ ಕೌದಿ ಭಾಳ ಗಟ್ಟಿ ಅಂತ ಅತ್ತಿ ಅಂದ್ರು" ಎಂದೆ. ಅತ್ತೆ ಬಾಣಂತಿಗೆ ಅಂಟಿನುಂಡಿ ಕಟ್ಟಿದ ಸುದ್ದಿ ಕೇಳಿ ಅವ್ವ, "ತಿಕೋಟಾದವರ ಉಂಡ್ಯಾಗ ಅಂಟ ಎಲ್ಲಿರತೈತಿ ಯಪ್ಪಾ? ದ್ರಾಕ್ಷಿ ಒಣಗಸೂ ಶೆಡ್ಡಿನ್ಯಾಗ ಉಳದ ಒಣದ್ರಾಕ್ಷಿ ಎಲ್ಲಾ ತಂದು ತುಂಬಿರತಾರ" ಎಂದಳು. ನಾನು ತಿಕೋಟಾಕ್ಕೆ ಹೋಗಿ, "ಅತ್ತೀ, ನಿಮ್ಮ ಉಂಡ್ಯಾಗಿನ ದ್ರಾಕ್ಷಿ ಬಗ್ಗೆ ಅವ್ವ ಭಾಳ ಮಾತಾಡಿದ್ಲು" ಎಂದೆ. ಎರಡರಲ್ಲೂ ಒಂದಕ್ಷರ ಸುಳ್ಳಿಲ್ಲ ನೋಡಿ.

ಅಂಟಿನುಂಡಿಯ ಬಗ್ಗೆ ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಖಾರೀಕು, ಗೋಡಂಬಿ, ದ್ರಾಕ್ಷಿ ಎಲ್ಲ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುವ ಆ ಉಂಡಿ ಬಾಣಂತಿಯ ಬೆನ್ನಿನ ಬಲಕ್ಕೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಕುಕ್ಕಿಸಿಕೊಂಡು ಬರುವ ನನಗೂ ಒಂದು ಬೆನ್ನಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಹೊರಡುವ ಮುಂಚೆ ಸ್ಟೀಲ್ ಡಬ್ಬಿಯಿಂದ ಒಂದು ಉಂಡಿ ನನ್ನ ಅಂಗಿಯ ಕಿಸೆಗೆ ಬರುತ್ತಿತ್ತು. ಆದರೆ ಅತ್ತೆ ಉಂಡಿಗಳನ್ನು ಎಣಿಸಿಟ್ಟವರು. ಲೆಕ್ಕ ತಪ್ಪಿದಾಗ ಅವರ ಕಣ್ಣು ಬಿದ್ದದ್ದು ಮಾವನವರ ಮೇಲೆ. ಮಾವನಿಗೆ ಸಕ್ಕರೆ ಕಾಯಿಲೆ, ಮೇಲಾಗಿ ಹಿಂದೊಮ್ಮೆ ಬೆಲ್ಲದ ಪೆಂಟಿಯ ಜೊತೆ ಸಿಕ್ಕಿಬಿದ್ದ ಇತಿಹಾಸವೂ ಉಂಟು. "ನಾ ತಿಂದಿಲ್ಲಬೇ, ಕೂಸಿನ ಆಣಿ" ಎಂದು ಅವರು ಎಷ್ಟು ಹೇಳಿದರೂ ಕೇಳುವವರಿಲ್ಲ. ದಿನಾ ಬೆಳಿಗ್ಗೆ ಒಂದು ಲೋಟ ಹಾಗಲಕಾಯಿ ರಸದ ಶಿಕ್ಷೆ ಜಾರಿಯಾಯಿತು. ಅವರು ಮುಖ ಕಿವುಚಿ ಕುಡಿಯುವಾಗ ನಾನು ಪಕ್ಕದಲ್ಲೇ ಕೂತು, "ಆರೋಗ್ಯಕ್ಕ ಭಾಳ ಛಲೋ ರೀ ಮಾವಾರ" ಎಂದು ಧೈರ್ಯ ಹೇಳುತ್ತಿದ್ದೆ. ನಾನು ಅಷ್ಟೊಂದು ಕೆಟ್ಟವನೇನಲ್ಲ. ಆ ರಸ ನಿಜವಾಗಿಯೂ ಒಳ್ಳೆಯದು.

ಹೆಸರಿಡುವ ದಿನ ಭಾನುವಾರವೆಂದು ನಿಶ್ಚಯವಾಯಿತು. ಅದರ ಮುಂಚಿನ ಶನಿವಾರ ರಜೆ ಹಾಕಿ ನಿಡೋಣಿಗೆ ಹೋದೆ. ಅವ್ವ ಕೌದಿ ಬಿಚ್ಚಿ ತೋರಿಸಿದಳು. ಒಂದು ಕಣ್ಣಿಗೆ ಪೊರೆ ಬಂದ ಹೆಂಗಸು ಆರು ತಿಂಗಳು ಕೂತು ಹೊಲಿದದ್ದು. ಅದರಲ್ಲಿ ಅಪ್ಪನ ಧೋತರವಿತ್ತು, ಅಜ್ಜಿಯ ಇಳಕಲ್ ಸೀರೆಯ ಸೆರಗಿತ್ತು, ಎರಡು ವರ್ಷದಿಂದ ಸುನಂದಾ ಹುಡುಕುತ್ತಿದ್ದ ಗುಲಾಬಿ ಸೀರೆಯೂ ಇತ್ತು. ನಟ್ಟನಡುವೆ ನಾನು ಏಳನೆಯ ಇಯತ್ತೆಯಲ್ಲಿ ಮಸಿ ಚೆಲ್ಲಿಕೊಂಡ ಅಂಗಿಯ ತುಂಡು. "ಇದನ್ಯಾಕ ಹಾಕಿದಿ?" ಎಂದರೆ, "ಅಪ್ಪ ಎಂಥಾವ ಅಂತ ಕೂಸಿಗಿ ಗೊತ್ತಾಗಲಿ" ಎಂದಳು. ಸಾಲಿನ ಮೇಲೆ ಸಾಲು, ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ. ಮೂಲೆಯಲ್ಲಿ ಮಾತ್ರ ಒಂದು ಗೇಣು ಬಾಯಿ ಬಿಟ್ಟಿತ್ತು.

"ಇದರ ಹೊಟ್ಟಿ ತುಂಬಿಸಿಲ್ಲ ಇನ್ನಾ" ಎಂದಳು ಅವ್ವ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೌದಿ ಮುಗಿಸುವಾಗ ಒಳಗೊಂದು ತುಣುಕು ಒಣರೊಟ್ಟಿ ಇಟ್ಟು ಬಾಯಿ ಹೊಲಿಯುವುದು ನಮ್ಮ ಹಿರಿಯರ ಪದ್ಧತಿ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆಯಂತೆ. "ಇದನ್ನ ನಿಮ್ಮತ್ತಿ ಕೈಯಾಗ ಕೊಡು. ಒಂದ ತುಣಕ ರೊಟ್ಟಿ ಅಕಿನ ಇಡಲಿ, ಅಕಿನ ಹೊಲೀಲಿ. ಎರಡೂ ಮನಿ ಕೈ ಹತ್ತಲಿ ಕೂಸಿನ ಕೌದಿಗೆ. ತಿಳೀತಿಲ್ಲೋ?" ತಿಳಿಯದೇನು? ಅವ್ವ ಬಗ್ಗಿದ್ದಳು. ಅವಳ ಬಾಯಿಂದ ಇಂಥ ಮಾತು ಬಂದದ್ದು ನಾನು ಕಂಡಂತೆ ಅದೇ ಮೊದಲು.

ವಿಜಯಪುರಕ್ಕೆ ಬಂದು ಇಳಿಯುವಷ್ಟರಲ್ಲಿ ನನ್ನ ಬುದ್ಧಿ ಓಡತೊಡಗಿತು. ಅರ್ಧ ಹೊಲಿದ ಕೌದಿ ಕೊಟ್ಟರೆ ಅತ್ತೆ ಏನನ್ನಬಹುದು? "ಅರ್ಧಾ ಕೆಲಸಾ ಬಿಟ್ಟು ಕಳಿಸ್ಯಾರ, ನಾವೇನ ಇವರ ಮನಿ ಆಳೇನು?" ಎಂದು ಗೋಡೆಗೆ ಹೇಳುತ್ತಾರೆ. ಅದನ್ನು ನಾನು ಸಿಹಿ ಮಾಡಿ ನಿಡೋಣಿಗೆ ಒಯ್ಯಬೇಕು. ಯಾರಿಗೆ ಬೇಕು? ನಾನೇ ಹೊಲಿದುಬಿಟ್ಟರೆ ಆಯಿತಲ್ಲ! ರೊಟ್ಟಿ ಹುಡುಕಿದೆ. ಖಾನಾವಳಿಯಲ್ಲಿ ಉಣ್ಣುವವನ ಮನೆಯಲ್ಲಿ ರೊಟ್ಟಿ ಎಲ್ಲಿಂದ ಬರಬೇಕು? ಕಪಾಟಿನಲ್ಲಿ ಹಿಂದಿನ ಭಾನುವಾರದ ಉಂಡಿ ಅರ್ಧ ಉಳಿದಿತ್ತು. ನನ್ನ ಮಗಳ ಕೌದಿ ಬರೀ ಒಣರೊಟ್ಟಿ ಯಾಕೆ ತಿನ್ನಬೇಕು ಎಂದು ನನ್ನ ಮೇಲೆ ನನಗೇ ಅಭಿಮಾನ ಉಕ್ಕಿ ಬಂತು. ಉಂಡಿಯನ್ನು ಒಳಗಿಟ್ಟು, ರಿಜಿಸ್ಟರ್ ಹೊಲಿಯುವ ಮೇಣದ ದಾರದಿಂದ ಅಂಗುಲಕ್ಕೊಂದು ಹೊಲಿಗೆ ಹಾಕಿ, ಗ್ರಂಥಾಲಯದ ಪದ್ಧತಿಯಂತೆ ಕೊನೆಗೆ ಮೂರು ಗಂಟು ಬಿಗಿದೆ. ಸಂಜೆ ತಿಕೋಟಾದಲ್ಲಿ ಅತ್ತೆಗೆ ಕೊಟ್ಟು, "ಅವ್ವ ಕೊಟ್ಟಾಳ" ಎಂದಷ್ಟೇ ಹೇಳಿದೆ. ಅವರು ತೂಗಿ ನೋಡಿ, ಮೂಸಿ ನೋಡಿ, ಅಡುಗೆಮನೆಯ ಪಕ್ಕದ ಪೆಟ್ಟಿಗೆಯ ಮೇಲಿಟ್ಟರು.

ಮರುದಿನ ಅವ್ವ ಹೊಸ ಸೀರೆ ಉಟ್ಟು ಬಂದಳು. ಓಣಿಯ ಹೆಂಗಸರು ತುಂಬಿದರು. ಅತ್ತೆ ಕೌದಿಯನ್ನು ತೊಟ್ಟಿಲಲ್ಲಿ ಹಾಸಿ ಮೇಲೆ ಕೈಯಾಡಿಸಿದರು. "ಮೆತ್ತಗ ಐತಿ" ಎಂದರು. ಮನಸ್ಸಿಲ್ಲದೆ ಅಂದರೂ ಅಂದರಲ್ಲ. ಅವ್ವ ಬೇರೆ ಕಡೆ ನೋಡುತ್ತಿದ್ದಳು, ಆದರೆ ಕಿವಿಯ ಬೆಂಡೋಲೆ ಇತ್ತ ತಿರುಗಿತ್ತು. ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಕೂಸಿನ ಟೋಪಿ ಕುಂಚಿಗೆ ತೊಡಿಸಿ ಮಲಗಿಸುವುದು ನಮ್ಮಲ್ಲಿ ಪದ್ಧತಿ. ಕಲ್ಲನ್ನು ಮಲಗಿಸಿದರು, ತೂಗಿದರು, ಹಾಡಿದರು. ಹಾಡು ಎರಡನೆಯ ಸಾಲಿಗೆ ಬರುವಷ್ಟರಲ್ಲಿ, "ಯವ್ವಾ! ಕಲ್ಲಿಗೆ ಇರಬಿ ಮುತ್ಯಾವ!" ಎಂದು ಯಾರೋ ಕೂಗಿದರು.

ನೋಡಿದರೆ ಕೆಂಪಿರುವೆ. ಕೌದಿಯ ಮೂಲೆಯಿಂದ ಹೊರಟು, ಗುಂಡುಕಲ್ಲನ್ನು ಪ್ರದಕ್ಷಿಣೆ ಹಾಕಿ, ತೊಟ್ಟಿಲ ಸರಪಳಿ ಹತ್ತುತ್ತಿವೆ. ಪುಣ್ಯಕ್ಕೆ ಮಗು ಇನ್ನೂ ಸುನಂದಾಳ ಮಡಿಲಲ್ಲಿತ್ತು. ಅತ್ತೆ ಗೋಡೆಗೆ ಹೇಳಿದರು: "ಹಳೇ ಅರಬಿ ಒಗೀಲಾರದ ಹೊಲದ್ರ ಹಿಂಗ ಆಗತೈತಿ." ಅವ್ವ ಎದ್ದು ನಿಂತಳು. "ಏಳ ನೀರಾಗ ಒಗದೀನ್ರಿ ಬೀಗರ. ನಮ್ಮ ಮನ್ಯಾಗ ಇರಲಾರದ ಇರಬಿ ನಿಮ್ಮ ಮನ್ಯಾಗ ಬಂದಾವ." ಓಣಿಯವಳೊಬ್ಬಳು, "ಹೋಗಲಿ ಬಿಡ್ರಿ, ನಾ ತಂದ ಕರಡಿ ಚಿತ್ರದ ಬ್ಲಾಂಕೆಟ್ ಹಾಸ್ರಿ" ಎಂದು ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಆರು ತಿಂಗಳ ಕೌದಿ ಅಂಗಳಕ್ಕೆ ಹೋಗಿ ಬಿತ್ತು. ಅವ್ವ ತನ್ನ ಚೀಲ ಹಿಡಿದುಕೊಂಡು, "ನಾ ಬರತೇನ್ರಿ. ಬಸ್ಸಿನ ಹೊತ್ತಾತು" ಎಂದಳು.

ಈ ಹೊತ್ತಿನಲ್ಲಿ ಮಗನಾದವನು ಏನು ಮಾಡಬೇಕು? ಮುಂದೆ ಬಂದು, ತಪ್ಪು ನನ್ನದು ಎನ್ನಬೇಕು. ನಾನೂ ಮುಂದೆ ಬಂದೆ. "ಈ ವರ್ಷ ಬಿಸಿಲ ಭಾಳ ಐತ್ರಿ, ಇರಬಿ ಎಲ್ಲಾ ಕಡೆ ಎದ್ದಾವ" ಎಂದೆ.

ಅಂಗಳ ದಾಟುವಾಗ ಅವ್ವ ಕೌದಿಯನ್ನು ಕೊಡವಿ ಎತ್ತಿಕೊಂಡಳು. ಮೂಲೆಯ ಮೇಲೆ ಬೆರಳಾಡಿಸಿದವಳು ಅಲ್ಲೇ ನಿಂತಳು. ಕಣ್ಣು ಕೈಕೊಟ್ಟವಳಿಗೆ ಬೆರಳೇ ಕಣ್ಣು. "ಇದು ನನ್ನ ಹೊಲಿಗಿ ಅಲ್ಲ. ನಿಮ್ಮದೇನ್ರಿ ಬೀಗರ?" ಎಂದಳು. ಅತ್ತೆ ಚಾಳೀಸು ಮೂಗಿಗೇರಿಸಿಕೊಂಡು ಬಂದು ಬಗ್ಗಿ ನೋಡಿ, "ನಂದೂ ಅಲ್ಲರಿ. ಇದೇನ ಗೋಣಿಚೀಲದ ಹೊಲಿಗಿ!" ಎಂದರು. ಕುಬುಸದ ದಿನದಿಂದೀಚೆಗೆ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಒಪ್ಪಿಗೆಯ ಮಾತು ಅದು. ಕತ್ತರಿ ಬಂತು, ಮೂರು ಗಂಟು ಬಿಚ್ಚಿತು, ಉಂಡಿ ಹೊರಗೆ ಉರುಳಿತು. ಅತ್ತೆ ಅದನ್ನೆತ್ತಿ ಮೂಸಿದರು. "ಇದು ನನ್ನ ಉಂಡಿ" ಎಂದರು ನಿಧಾನವಾಗಿ.

ಕಟ್ಟೆಯ ಮೇಲೆ ಕೂತಿದ್ದ ಮಾವ ಎದ್ದರು. ಆ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. "ಹತ್ತೊಂಬತ್ತ ದಿನಾ ಹಾಗಲಕಾಯಿ ರಸಾ ಕುಡದೀನಿ, ಅಳಿಯಂದ್ರ! ಹತ್ತೊಂಬತ್ತ ದಿನಾ! ಮಗ್ಗಲ ಕುಂತು 'ಛಲೋ ರೀ ಮಾವಾರ' ಅಂದ್ರಲ್ಲರೀ!"

ಅವ್ವ ಮಾತ್ರ ಕೂಗಾಡಲಿಲ್ಲ. "ಲೇ, ನಾ ನಿನಗ ಏನ ಹೇಳಿ ಕಳಿಸಿದ್ದೆ? ಎಲ್ಲಾರ ಮುಂದ ಹೇಳು" ಎಂದಳು. ನಾನು ತಲೆ ತಗ್ಗಿಸಿಕೊಂಡು, ಒಂದಕ್ಷರ ಬಿಡದೆ, ಸಕ್ಕರೆ ಬೆರೆಸದೆ ಒಪ್ಪಿಸಿದೆ: ಒಂದು ತುಣುಕು ರೊಟ್ಟಿ ಬೀಗಿತಿಯೇ ಇಡಲಿ, ಅವಳೇ ಹೊಲಿಯಲಿ, ಎರಡೂ ಮನೆಯ ಕೈ ಹತ್ತಲಿ. ಅತ್ತೆ ನನ್ನತ್ತ ನೋಡಲೂ ಇಲ್ಲ. ಒಳಗೆ ಹೋಗಿ ಒಣರೊಟ್ಟಿಯ ಒಂದು ತುಣುಕು, ಸೂಜಿ, ಕೆಂಪು ದಾರ ತಂದರು. ಅವ್ವನ ಕೈಯಿಂದ ಚೀಲ ಇಸಿದುಕೊಂಡು, "ಕುಂಡ್ರ ಬರ್ರಿ ಅಕ್ಕಾರ. ನೀವು ಹಿಡೀರಿ, ನಾ ಹೊಲೀತೀನಿ" ಎಂದರು. ಉದ್ದುದ್ದ ಹೊಲಿಗೆ ಹಾಕುತ್ತಾ, "ಸಣ್ಣಾಂವ ಇದ್ದಾಗಿಂದನೂ ಹಿಂಗ ಏನ್ರಿ ಇಂವ?" ಎಂದು ಕೇಳಿದರು. ಅಳಿಯಂದ್ರು ಹೋಗಿ ಇಂವ ಆಗಿದ್ದೆ. ಅವ್ವ ಮಸಿ ಅಂಗಿಯ ಕಥೆಯಿಂದ ಶುರು ಮಾಡಿದಳು. ಕರಡಿ ಬ್ಲಾಂಕೆಟ್ ಮಡಚಿಟ್ಟರು. ಮಗಳು ಕೌದಿಯ ಮೇಲೆ ಮಲಗಿ, ಹೆಸರನ್ನೂ ಇಡಿಸಿಕೊಂಡು, ಗಾಢವಾಗಿ ನಿದ್ದೆ ಹೋದಳು.

ಆ ದಿನ ಅವ್ವ ತಿಕೋಟಾದಲ್ಲೇ ಉಳಿದಳು. ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ನನ್ನ ಅಂಗಿ ಒಗೆದು, ಇಸ್ತ್ರಿ ಮಾಡಿ, ನಗುತ್ತಾ ಕೈಗಿತ್ತರು. ಕ್ಷಮಿಸಿದ್ದಾರೆ ಎಂದುಕೊಂಡು ತೊಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಟ್ಟ. ಕಿಸೆಗೆ ಹಾಕಲು ಹೋದರೆ ಬೆರಳು ಒಳಗೆ ಇಳಿಯಲೊಲ್ಲದು. ಬಗ್ಗಿ ನೋಡಿದೆ. ಕಿಸೆಯ ಬಾಯಿಯನ್ನು ಈ ತುದಿಯಿಂದ ಆ ತುದಿಗೆ ಕೆಂಪು ದಾರದಲ್ಲಿ ಹೊಲಿಯಲಾಗಿತ್ತು. ಅರ್ಧ ಅತ್ತೆಯ ಉದ್ದ ಹೊಲಿಗೆ, ಇನ್ನರ್ಧ ಜೋಳದ ಕಾಳಿನಷ್ಟು ಸಣ್ಣದು. "ಕಿಸೆ ಯಾಕ ಹೊಲಕೊಂಡೀರಿ ಸರ?" ಎಂದು ಕಂಡಕ್ಟರ್ ಕೇಳಿದ. ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ಕಿಸೆಯನ್ನು ಮೇಲಿನಿಂದ ಒಮ್ಮೆ ಒತ್ತಿ ನೋಡಿದೆ. ಒಳಗೆ ಏನೋ ಕಟಕ್ಕೆಂದು ಮುರಿಯಿತು. ಒಣರೊಟ್ಟಿ. ಪದ್ಧತಿ ತಪ್ಪಿಸಿರಲಿಲ್ಲ ಮುದುಕಿಯರು.