ಇಪ್ಪತ್ತು ಕಿಲೋ ತ್ಯಾಗ

ಸೊಪ್ಪಣ್ಣನ ಅಷ್ಟೂ ಪೇಚಾಟಕ್ಕೆ ಕಾರಣ ಒಂದು ಸೊನ್ನೆ. ಅದೂ ಅವನು ಪ್ರಾಮಾಣಿಕವಾಗಿ ಬರೆದ ಸೊನ್ನೆ.

ಆಹಾರದ ಪೊಟ್ಟಣಗಳನ್ನು ಮಾರುವ ದೊಡ್ಡ ಕಂಪನಿಯೊಂದರಲ್ಲಿ ಅವನು ಗುಮಾಸ್ತ. ಊಟದ ಡಬ್ಬಿ ತೆರೆದರೆ ದಿನವೂ ಸೊಪ್ಪು. ಹೆಸರು ಬಂದದ್ದು ಹಾಗೆ. ಹುಟ್ಟಿದಾರಭ್ಯ ಮಾಂಸ ಮುಟ್ಟಿದವನಲ್ಲ, ವಾಸನೆ ಬಂದರೇ ಮೂಗು ಮುಚ್ಚಿಕೊಂಡು ಎದ್ದು ಓಡುತ್ತಿದ್ದ. ಈ ನಡುವೆ ಕಂಪನಿಗೆ ಇದ್ದಕ್ಕಿದ್ದಂತೆ ಭೂಮಿಯ ಮೇಲೆ ಪ್ರೀತಿ ಉಕ್ಕಿತು. ದನ ಕುರಿಗಳು ತೇಗಿದರೂ ಗಾಳಿ ಕೆಡುತ್ತದೆ, ಅವುಗಳ ಮೇವಿಗಾಗಿ ಕಾಡು ಕಡಿಯುತ್ತಾರೆ, ಆದ್ದರಿಂದ ನೌಕರರೆಲ್ಲ ಮಾಂಸ ಕಡಿಮೆ ಮಾಡಿ ಇಂಗಾಲ ಇಳಿಸಬೇಕು ಎಂದು ಸುತ್ತೋಲೆ ಬಂತು. ಹೋದ ತಿಂಗಳು ಎಷ್ಟು ಕಿಲೋ ತಿಂದಿರಿ, ಈ ತಿಂಗಳು ಎಷ್ಟು? ವ್ಯತ್ಯಾಸವೇ ನಿಮ್ಮ ಅಂಕ. ಹೆಚ್ಚು ಅಂಕ ಪಡೆದವರಿಗೆ ಬಡ್ತಿ. ಒಂಬತ್ತು ವರ್ಷದಿಂದ ಬಡ್ತಿಗಾಗಿ ಚಾತಕಪಕ್ಷಿಯಂತೆ ಕಾದಿದ್ದ ಸೊಪ್ಪಣ್ಣ ಎರಡೂ ಕಡೆ ಸೊನ್ನೆ ಬರೆದು, ಇನ್ನು ತನ್ನನ್ನು ಮೀರಿಸುವವರಿಲ್ಲ ಎಂದು ಬೀಗಿದ.

ಅಂಕಗಳು ಹೊರಬಿದ್ದ ಬೆಳಿಗ್ಗೆ ನೋಡಿದರೆ ಗೋಡೆಯ ಪಟ್ಟಿಯಲ್ಲಿ ಅವನ ಹೆಸರು ಕಟ್ಟಕಡೆಗಿತ್ತು. ಮೊದಲನೆಯವನು ಉಗ್ರಾಣದ ಮೇಲ್ವಿಚಾರಕ. ಹದಿನಾಲ್ಕು ಕಿಲೋ ತಿನ್ನುತ್ತಿದ್ದ ಆ ಮಹಾನುಭಾವ ಹನ್ನೊಂದಕ್ಕೆ ಇಳಿದು ಭೂಮಿಯನ್ನು ಕಾಪಾಡಿದ್ದ.

ಸೊಪ್ಪಣ್ಣ ಮ್ಯಾನೇಜರರ ಕೋಣೆಗೆ ಓಡಿದ. "ಸಾರ್, ನಾನು ತಿನ್ನೋದೇ ಇಲ್ಲ."

"ಅದೇ ಕಣ್ರೀ ತೊಂದರೆ," ಎಂದರು ಮ್ಯಾನೇಜರು. "ತಿನ್ನದೇ ಇದ್ರೆ ಬಿಡೋದೇನನ್ನ? ಎಲ್ಲರೂ ಕಷ್ಟಪಟ್ಟು ಬಿಡ್ತಿದಾರೆ, ನೀವೊಬ್ರೇ ಸುಮ್ನೆ ಕೂತಿದೀರ. ತಿದ್ದೋದಿದ್ರೆ ಹನ್ನೊಂದು ಗಂಟೆಯೊಳಗೆ ತಿದ್ದಿ. ಸಂಜೆ ದೊಡ್ಡ ಸಾಹೇಬ್ರು ಬರ್ತಾರೆ."

ಸೊಪ್ಪಣ್ಣನಿಗೆ ಹೊಟ್ಟೆ ಉರಿದುಹೋಯಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ, ಹೋದ ತಿಂಗಳ ಸೊನ್ನೆಯ ಎಡಕ್ಕೆ ಎರಡು ಎಂಬ ಅಂಕಿ ಸೇರಿಸಿ ಹಾಳೆಯನ್ನು ಟೈಪಿಸ್ಟ್ ಅಕ್ಕನ ಕೈಗೆ ಕೊಟ್ಟ.

"ಇಪ್ಪತ್ತು ಕಿಲೋನಾ ಸೊಪ್ಪಣ್ಣ?"

"ಹೂಂ ಅಕ್ಕ. ಚಟ."

ಊಟದ ಹೊತ್ತಿಗೆ ಸುದ್ದಿ ಇಡೀ ಆಫೀಸಿಗೆ ಗೊತ್ತಾಗಿತ್ತು. ಉಗ್ರಾಣದವನು ಪಕ್ಕದಲ್ಲೇ ಬಂದು ಕೂತ.

"ಡಬ್ಬೀಲಿ ಸೊಪ್ಪು, ಹೊಟ್ಟೇಲಿ ಕುರಿ. ಒಂಬತ್ತು ವರ್ಷ ನಮ್ಮ ಕಣ್ಣಿಗೇ ಮಣ್ಣೆರಚಿದೆಯಲ್ಲಪ್ಪ. ಅದ್ಸರಿ, ಒಂದೇ ಸಲಕ್ಕೆ ಹೇಗೆ ಬಿಟ್ಟೆ? ಕನಸಲ್ಲಿ ಬರಲ್ವಾ?"

"ಬರತ್ತೆ. ಮುಖ ತಿರುಗಿಸ್ಕೋತೀನಿ," ಎಂದ ಸೊಪ್ಪಣ್ಣ. ಉಗ್ರಾಣದವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು.

ಮೂರು ಗಂಟೆಗೆ ಹೆಂಡತಿಯ ಫೋನು ಬಂತು.

"ರೀ, ಟೈಪಿಸ್ಟ್ ಅಕ್ಕ ಫೋನ್ ಮಾಡಿ ಅಭಿನಂದನೆ ಹೇಳಿದ್ರು. ತಿಂಗಳಿಗೆ ಇಪ್ಪತ್ತು ಕಿಲೋ ತಿಂತಿದ್ರಂತೆ. ನಮ್ಮನೇಲಿ ಅಷ್ಟು ದೊಡ್ಡ ಪಾತ್ರೇನೇ ಇಲ್ಲ. ಯಾರು ಬೇಯಿಸಿ ಹಾಕ್ತಿದ್ರು?"

"ಅಯ್ಯೋ, ಅದು ಸುಳ್ಳು ಕಣೇ. ಬಡ್ತಿಗೋಸ್ಕರ ಬರೆದದ್ದು."

"ಸುಳ್ಳಾದ್ರೆ ಎಲ್ಲರ ಮುಂದೆ ಸುಳ್ಳು ಅಂತ ಹೇಳಿ. ನಾನೇ ಬಂದು ಕೇಳಿಸ್ಕೋತೀನಿ. ಹನ್ನೆರಡು ವರ್ಷ ಸೊಪ್ಪು ಬಿಡಿಸಿ ಬಿಡಿಸಿ ನನ್ನ ಉಗುರೆಲ್ಲ ಹಸಿರಾಗಿದೆ," ಎಂದು ಅವಳು ಫೋನ್ ಇಟ್ಟಳು.

ಹೆಂಡತಿಗಿಂತ ಬಡ್ತಿ ದೊಡ್ಡದಲ್ಲ ಎಂದು ಸೊಪ್ಪಣ್ಣ ಗಟ್ಟಿಯಾಗಿ ನಿಶ್ಚಯಿಸಿದ. ಆ ನಿಶ್ಚಯ ಐದು ಗಂಟೆಯವರೆಗೆ ಬಾಳಿತು. ಐದಕ್ಕೆ ದೊಡ್ಡ ಸಾಹೇಬರು ಸಭೆಯಲ್ಲಿ ಅವನ ಹೆಸರು ಕೂಗಿ ಬಡ್ತಿಯ ಕಾಗದ ಚಾಚಿದಾಗ, ಸುಳ್ಳೆಂದು ಒಪ್ಪಿಕೊಳ್ಳಬೇಕಾದ ಬಾಯಿ ಮುಚ್ಚಿಕೊಂಡಿತು, ಕೈ ಮಾತ್ರ ಮುಂದೆ ಹೋಯಿತು. ಚಪ್ಪಾಳೆ ಬಿತ್ತು. ಹೆಂಡತಿಗೆ ಈ ಕಾಗದ ತೋರಿಸಿಯೇ ಸಮಾಧಾನ ಮಾಡಿದರಾಯಿತು ಎಂದುಕೊಂಡ.

"ಪ್ರಾಣಿ ಸಾಕದೇನೇ, ಬರೀ ಹಂಡೇಲಿ ಮಾಂಸ ಬೆಳೆಸೋ ಕಾರ್ಖಾನೆ ಶುರು ಮಾಡ್ತಿದೀವಿ," ಎಂದರು ಸಾಹೇಬರು. "ಇದರ ರುಚಿ ಅಸಲಿ ಮಾಂಸದ ಹಾಗೇ ಇದೆಯಾ ಅಂತ ದಿನಾ ತಿಂದು ಹೇಳೋಕೆ ಪಳಗಿದ ನಾಲಿಗೆ ಬೇಕು. ಇಪ್ಪತ್ತು ಕಿಲೋ ಕಂಡ ನಾಲಿಗೆ ಇನ್ನೆಲ್ಲಿ ಸಿಗತ್ತೆ? ಇವತ್ತಿಂದ ಇವರೇ ನಮ್ಮ ರುಚಿ ಪರೀಕ್ಷೆ ವಿಭಾಗದ ಮುಖ್ಯಸ್ಥರು."

ಮೇಜಿನ ಮೇಲೆ ಎರಡು ತಟ್ಟೆ ಬಂದವು. ಒಂದರಲ್ಲಿ ಅಸಲಿ, ಇನ್ನೊಂದರಲ್ಲಿ ಹಂಡೆಯದು. ಎರಡರಿಂದಲೂ ಹಬೆ ಏಳುತ್ತಿತ್ತು. ಇಡೀ ಆಫೀಸು ಅವನ ಬಾಯನ್ನೇ ನೋಡುತ್ತಿತ್ತು. ಸೊಪ್ಪಣ್ಣ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಮೊದಲ ತಟ್ಟೆಯ ತುಂಡೊಂದನ್ನು ಬಾಯಿಗಿಟ್ಟು ಹೇಗೋ ನುಂಗಿದ. ಕಣ್ಣಲ್ಲಿ ದಳದಳ ನೀರು ಬಂತು.

"ನೋಡಿ, ಹಳೇ ರುಚಿ ಸಿಕ್ಕಿ ಅಳು ಬಂತು ಪಾಪ," ಎಂದ ಉಗ್ರಾಣದವನು.

ಸೊಪ್ಪಣ್ಣ ಕಣ್ಣು ಬಿಟ್ಟ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಅವಳು ಕಿರುಚಾಡಲಿಲ್ಲ. ಟೈಪಿಸ್ಟ್ ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅಕ್ಕ, ಆ ಎರಡನೇ ತಟ್ಟೇನೂ ಖಾಲಿ ಮಾಡೋಕೆ ಹೇಳಿ. ಮನೇಲಿ ಊಟ ಇಲ್ಲ."