ಅಳುವ ಮುಂಚೆ ಹೆಬ್ಬೆಟ್ಟು ಕೇಳಿದವರಿಗೆ

ಸಂಶೋಧನಾ ನೈತಿಕತೆ ಸಮಿತಿಯ ಸರ್ವ ಮಾನ್ಯರೇ,

ಮೊದಲು ಕೈಯಲ್ಲಿರುವ ಮೊಬೈಲು ಬೋರಲು ಹಾಕಿ ನೆಟ್ಟಗೆ ಕೂತುಕೊಳ್ಳಿ. ಮೇಲಿನ ನಾಲ್ಕು ಸಾಲು, ಕೆಳಗಿನ ಸಹಿ ನೋಡಿ ಕಾಗದ ಬದಿಗಿಡುವ ಚಾಳಿ ತಮಗಿದೆಯೆಂದು ನನಗೆ ಗೊತ್ತು. ನನ್ನ ಮೊಮ್ಮಗಳ ಅಷ್ಟು ದಪ್ಪನೆಯ ಪ್ರಸ್ತಾವನೆಯನ್ನೂ ಹಾಗೆಯೇ ಓದಿದ್ದೀರಿ. ಇದನ್ನಾದರೂ ಪೂರ್ತಿ ಓದಿ, ಆಮೇಲೆ ಚಹಾ ಕುಡಿಯಿರಿ. ತಮ್ಮೆಲ್ಲರಿಗೂ ಸಾಷ್ಟಾಂಗ ಶರಣು. ಮೊಣಕಾಲು ನೋಯುವುದರಿಂದ ಕೂತಲ್ಲಿಂದಲೇ.

ನಾನು ಘೋಣಸಗಿಯ ಹುಲಿಗೆವ್ವ, ಮಮದಾಪುರದ ಸಾಲಿಯಲ್ಲಿ ಮೂರನೆಯ ಇಯತ್ತೆ ಕಲಿತವಳು. ವಿಜಯಪುರದ ತಮ್ಮ ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ, ಏಕೆಂದರೆ ಯಾರ ಹೆಸರೂ ಹೊರಬೀಳಬಾರದೆಂಬುದು ತಮ್ಮದೇ ನಿಯಮವಂತೆ. ಮೊಮ್ಮಗಳು ಸಪ್ನಾ ತಮ್ಮಲ್ಲಿ ಪಿಎಚ್‌ಡಿ ಮಾಡಲು ಆರಿಸಿಕೊಂಡ ವಿಷಯ, ಸತ್ತವರ ಮುಂದೆ ನಮ್ಮ ಕಡೆಯ ಹೆಂಗಸರು ಹಾಡ್ಯಾಡಿ ಅಳುವುದು. ಸತ್ತವರು ಉಂಡದ್ದು, ಉಣಿಸಿದ್ದು, ಯಾರ ಹೊಟ್ಟೆ ಉರಿಸಿದ್ದು, ಎಲ್ಲವನ್ನೂ ರಾಗ ಎಳೆದು ಹೇಳುವ ಅಳು ಅದು. ಟಿಕೋಟಾದ ನನ್ನ ಗೆಳತಿ ಮಲಕವ್ವ ತನ್ನ ಅತ್ತೆಯ ಮುಂದೆ ಕೂತು, “ತುಪ್ಪದ ಪೆಟಗಿ ಕೀಲಿ ಸೊಂಟಕ್ಕ ಕಟಗೊಂಡಾಕಿ, ಇವತ್ತ ಯಾರ ಕೈಯಾಗ ಕೊಟ್ಟ ಹೊಂಟೀಯ ನನ್ನವ್ವಾ” ಎಂದು ಅತ್ತು, ನೆರೆದವರನ್ನು ನಗಿಸಿ, ನಗುವವರನ್ನು ಮತ್ತೆ ಅಳಿಸಿದವಳು.

ಸಪ್ನಾ ತಮ್ಮ ಮುಂದೆ ನಿಂತು ಉತ್ತರ ಕೊಡುವಾಗ, ಹೊರಗೆ ಬಿಸಿಲೆಂದು ನನ್ನನ್ನೂ ಹಿಂದಿನ ಕುರ್ಚಿಯಲ್ಲಿ ಕೂರಿಸಿದ ತಮ್ಮ ದೊಡ್ಡತನಕ್ಕೆ ನಾನು ಋಣಿ. ಓದು ಬಾರದ ಮುದುಕಿಯರು ‘ದುರ್ಬಲ ವರ್ಗ’, ಅವರನ್ನು ಕಾಯಬೇಕು ಎಂದು ಅಪ್ಪಣೆ ಕೊಟ್ಟಿರಿ. ಮಲಕವ್ವನಿಗೆ ಇದನ್ನು ಹೇಳಿದರೆ, “ಯಾಂವಂವ ನನ್ನ ಕಾಯಾಂವ? ಬರಾಕ ಹೇಳ, ಮೊದಲ ನಮ್ಮ ಎಮ್ಮಿ ಕಾಯಲಿ” ಎಂದಳು. ಅವಳ ಪರವಾಗಿ ನಾನೇ ಕ್ಷಮೆ ಕೇಳುತ್ತೇನೆ. ಅಳುವವರ ಒಪ್ಪಿಗೆಯನ್ನು ವಾರ ಮೊದಲೇ ಬರೆಸಿಕೊಳ್ಳಬೇಕೆಂದೂ ತಾವು ಹೇಳಿದಿರಿ, ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಇನ್ನೊಂದಿಲ್ಲ, ಮುಂದಿನ ವಾರ ಯಾವ ಊರಿನಲ್ಲಿ ಯಾರು ಹೋಗುತ್ತಾರೆಂಬುದನ್ನು ಯಮನ ಕಚೇರಿಯಿಂದ ತರಿಸಿ, ಸಮಿತಿಯ ಮೊಹರು ಒತ್ತಿ ಕೊಟ್ಟರೆ, ಸಪ್ನಾ ಬಸ್ಸು ಹಿಡಿದು ಹೋಗಿ “ಅಜ್ಜಾರ, ನಿಮ್ಮ ಮಂದಿ ಅಳಾಕ ತಯಾರ ಅದಾರೇನ್ರಿ?” ಎಂದು ಕೇಳಿ ಬರುವಳು. ಇನ್ನು, ಯಾರಾದರೂ ಅಳತೊಡಗಿದ ಕೂಡಲೇ ಕೆಲಸ ನಿಲ್ಲಿಸಿ ನೀರು ಕೊಟ್ಟು ಸಮಾಧಾನ ಮಾಡಬೇಕೆಂಬ ನಿಯಮ ಕೇಳಿ ನಾನು ಬಾಯಿಗೆ ಸೆರಗು ಹಿಡಿದೆ. ಅಳುವನ್ನೇ ಬರೆದುಕೊಳ್ಳಲು ಹೋದವಳು ಅಳು ಕೇಳಿದೊಡನೆ ಪುಸ್ತಕ ಮುಚ್ಚಬೇಕಂತೆ.

ಒಪ್ಪಿಗೆ ಪತ್ರ ಜನಕ್ಕೆ ತಿಳಿಯುತ್ತದೋ ಇಲ್ಲವೋ ಒಂದು ಮನೆಯಲ್ಲಿ ತೋರಿಸಿ ಬಾ ಎಂದು ತಾವೇ ಕಳಿಸಿದಿರಿ. ಅಷ್ಟರಲ್ಲಿ ಬಬಲೇಶ್ವರದ ನಮ್ಮ ಬೀಗರಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಸಪ್ನಾ, ಪಾಪ, ನಿಯಮ ತಪ್ಪಬಾರದೆಂದು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು, ಅಳುತ್ತಿದ್ದ ಹಿರಿಯ ಸೊಸೆಯ ಪಕ್ಕಕ್ಕೆ ಹೋಗಿ ಕೂತಳು. ಸತ್ತ ಮನೆಯಲ್ಲಿ ಹೆಬ್ಬೆಟ್ಟಿನ ಕಾಗದ ಕಂಡರೆ ನಮ್ಮ ಕಡೆ ಒಂದೇ ಅರ್ಥ: ಹೊಲದ ವಾರಸಾ. ಅಳು ಗಪ್ಪೆಂದು ನಿಂತಿತು. ಕಿರಿಯ ಸೊಸೆ ಸುಮಂಗಲಾ ಎದ್ದು, “ಮಾವಾರ್ನ ಇನ್ನ ಎತ್ತಿಲ್ಲ, ಆಗಲೇ ಹೊಲಾ ಬರಸ್ಕೊಳ್ಳಾಕತ್ತೀರೇನ?” ಎಂದಳು. ಅಣ್ಣತಮ್ಮಂದಿರು ಅಂಗಿ ಹಿಡಿದರು. ತೀರಿಕೊಂಡ ಹಿರಿಯರು ಮಾತ್ರ, ನಮ್ಮ ಪದ್ಧತಿಯಂತೆ ಕೂರಿಸಿದಲ್ಲೇ, ಅಳುವವರಿಲ್ಲದೆ ಗೋಡೆಗೊರಗಿದ್ದರು. ಕೊನೆಗೆ ನಾನೇ ಕಾಗದ ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಅವರ ಮುಂದೆ ಕೂತು ಧ್ವನಿ ತೆಗೆದೆ. ಜೊತೆಗೆ ಬಂದಿದ್ದ ಮಲಕವ್ವ ರಾಗ ಎತ್ತಿಕೊಂಡಳು. ಜಗಳ ಬಿಟ್ಟು ಒಬ್ಬೊಬ್ಬರೇ ಬಂದು ಕೂತರು. ಅಂಥ ಅಳುವನ್ನು ಆ ಓಣಿ ಬಹಳ ದಿನದಿಂದ ಕೇಳಿರಲಿಲ್ಲ. ಸಪ್ನಾ ಮಾತ್ರ ತಮ್ಮ ನಿಯಮದಂತೆ ರೆಕಾರ್ಡರು ಆರಿಸಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು.

ತಮ್ಮ ಕಾಳಜಿ ಸುಳ್ಳೆಂದು ನಾನು ಹೇಳುವುದಿಲ್ಲ. ಬೇರೆಯವರ ದುಃಖವನ್ನು ಕದ್ದು ಮೊಬೈಲಿಗೆ ಹಾಕುವವರನ್ನು ನಾನೂ ಕಂಡಿದ್ದೇನೆ. ಆದರೆ ನಮ್ಮಲ್ಲಿ ಕೇಳುವ ರೀತಿ ಬೇರೆ. ಮಣ್ಣಾದ ಮೇಲೆ ಬುತ್ತಿ ಕಟ್ಟಿಕೊಂಡು ಹೋಗಿ, ಅವರಿಗೆ ಉಣಿಸಿ, ಒಲೆಯ ಮುಂದೆ ಕೂತು ಕೇಳಲಿ. ಇಟ್ಟುಕೋ ಅಂದವರದು ಇಟ್ಟುಕೊಳ್ಳಲಿ, ಬೇಡ ಅಂದವರದು ಅಲ್ಲೇ ಅಳಿಸಲಿ. ಇಷ್ಟನ್ನು ಒಪ್ಪಲು ತಮಗೇನು ಅಡ್ಡಿ?

ಮುಂದಿನ ತಿಂಗಳ ಸಭೆಯಲ್ಲಿ ಒಪ್ಪದಿದ್ದರೆ ವಿಷಯವನ್ನೇ ಬದಲಿಸಬೇಕಂತೆ. ಗಾಂಧಿ ಚೌಕದ ಅಂಗಡಿಗಳಲ್ಲಿ ಗಿರಾಕಿಗಳ ಸಂತೃಪ್ತಿ ಎಂಬ ಘನವಾದ ವಿಷಯವನ್ನು ತಾವೇ ಸೂಚಿಸಿದ್ದೀರಿ. ಒಳ್ಳೆಯದೇ, ಅಲ್ಲಿ ಸೀರೆಯ ಬಣ್ಣ ಬಿಟ್ಟಾಗಷ್ಟೇ ಅಳುತ್ತಾರೆ. ಆದರೆ ಮಲಕವ್ವನ ಧ್ವನಿ ಒಡೆಯುತ್ತಿದೆ, ಈಗಿನ ಸೊಸೆಯಂದಿರು ಮೂಗಿಗೆ ಕರವಸ್ತ್ರ ಹಿಡಿದು ಸದ್ದಿಲ್ಲದೆ ಅಳುವುದನ್ನು ಕಲಿತಿದ್ದಾರೆ. ಸಪ್ನಾ ಈಗ ಹಿಡಿದಿಡದಿದ್ದರೆ, ನನ್ನ ಸರದಿ ಬಂದಾಗ ನಾನು ಎಂಥವಳಿದ್ದೆ ಎಂದು ಕೂಗಿ ಹೇಳುವವರು ಯಾರು? ಸ್ಟೇಟಸ್‌ನಲ್ಲಿ ಒಂದು ಫೋಟೋ, ಎರಡು ಮುಗಿದ ಕೈ, ಮುಗಿಯಿತು.

ಆದಕಾರಣ, ತಾವು ವಾರ ಮೊದಲು ಕೇಳಿದ್ದನ್ನು ನಾನು ವರ್ಷಗಳ ಮೊದಲೇ ಬರೆದುಕೊಡುತ್ತಿದ್ದೇನೆ: ನಾನು ಸತ್ತ ದಿನ ಸಪ್ನಾ ನನ್ನ ಎದುರಿಗೇ ಕೂತು ಎಲ್ಲವನ್ನೂ ರೆಕಾರ್ಡು ಮಾಡಿಕೊಳ್ಳಲಿ. ಗುಣದ ಜೊತೆ ಅವಗುಣವೂ ಇರಲಿ. ಹೆಸರು ಮುಚ್ಚಿಡಲೆಂದು ನನಗೊಂದು ನಂಬರು ಕೊಡಬೇಡಿ. ನಂಬರು ಹಿಡಿದು ಯಾರೂ ಅತ್ತದ್ದನ್ನು ನಾನು ಕೇಳಿಲ್ಲ. ನಡುವೆ ಅವಳಿಗೇ ಅಳು ಬಂದರೆ, ತಮ್ಮ ಪುಣ್ಯ, ನಿಲ್ಲಿಸಬೇಡಿ.

ತಮ್ಮ ವಿಶ್ವಾಸಿ,
ಹುಲಿಗೆವ್ವ, ಸಪ್ನಾಳ ಆಯಿ
ಘೋಣಸಗಿ

ತಾ.ಕ.: ಕಟಕ ರೊಟ್ಟಿ ಇನ್ನೂ ನನ್ನ ಹಲ್ಲಿಗೆ ಹೆದರುತ್ತದೆ, ಆದ್ದರಿಂದ ಮುದುಕಿ ಹೋಗಲಿ, ಆಮೇಲೆ ನೋಡೋಣ ಎಂದು ಸಪ್ನಾಳ ಅರ್ಜಿಯ ಮೇಲೆ ಕೂರಬೇಡಿ. ಅದು ತಮ್ಮ ಕೈಯಲ್ಲಿ ಸತ್ತರೆ, ನಾನೂ ಮಲಕವ್ವನೂ ಅದರ ಪ್ರತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ತಮ್ಮ ಬಾಗಿಲಲ್ಲಿ ಮಲಗಿಸಿ, ಅದು ಹುಟ್ಟಿದ್ದು, ಬೆಳೆದದ್ದು, ಯಾರ್ಯಾರು ಕುತ್ತಿಗೆ ಹಿಚುಕಿದ್ದು, ಎಲ್ಲವನ್ನೂ ಹೆಸರು ಹಿಡಿದು ಹಾಡ್ಯಾಡಿ ಅಳುತ್ತೇವೆ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.